ಸೇಡಿನ ಸಿನಿಮಾದಲ್ಲಿ ಯಾರಿಗೆ ಹೆಸರು, ಯಾರಿಗೆ ಬರೀ ಗುಂಡು

ಕಾನೂನನ್ನು ಕೈಗೆತ್ತಿಕೊಂಡು ಪುಂಡರನ್ನು ತಾನೇ ಮುಗಿಸುವ ನಾಯಕನ ಅಮೆರಿಕನ್ ಸಿನಿಮಾಗಳು 1970–80ರ ದಶಕದಲ್ಲಿ ಸಾಲುಸಾಲಾಗಿ ಬಂದವು. ಅವುಗಳಲ್ಲಿ ಯಾವ ಜನಕ್ಕೆ ಎಂಥ ಪಾತ್ರ ಸಿಕ್ಕಿದೆ ಎಂದು ತಿಳಿಯಲು ಬರೀ ತಲೆ ಎಣಿಸಿದರೆ ಸಾಲದು. ಪ್ರತಿ ಪಾತ್ರಕ್ಕೂ ನಾನು ಐದು ಕಲಂ ತುಂಬುತ್ತೇನೆ: ಹೆಸರಿದೆಯೇ, ಮಾತೆಷ್ಟು, ಮಾಡಿದ್ದಕ್ಕೆ ಕಾರಣ ತೋರಿಸಿದ್ದಾರೆಯೇ, ಕೊನೆಗೆ ಏನಾಗುತ್ತದೆ, ಸತ್ತರೆ ಅಳುವವರಿದ್ದಾರೆಯೇ. ಐದನೆಯದೇ ಹೆಚ್ಚು ಹೇಳುತ್ತದೆ.

ಮೊದಲ ಸಲ ಪೆನ್ನು ಹಿಡಿಯದೆ ನೋಡಬೇಕು. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ. ಕೊನೆಗೆ ಚಿತ್ರದಲ್ಲಿ ಬರುವ ಪಾತ್ರ–ನಟರ ಹೆಸರುಗಳ ಪಟ್ಟಿ.

1974ರ ‘ಡೆತ್ ವಿಶ್’ ತೆಗೆದುಕೊಳ್ಳಿ. ನಾಯಕನ ಮನೆಗೆ ನುಗ್ಗುವ ಮೂವರೂ ಬಿಳಿಯರು. ಅವರಲ್ಲೊಬ್ಬನಾಗಿ ನಟಿಸಿದವನು ಜೆಫ್ ಗೋಲ್ಡ್‌ಬ್ಲಮ್. ಪಟ್ಟಿಯಲ್ಲಿ ಅವನ ಪಾತ್ರಕ್ಕೆ ಹೆಸರೇ ಇಲ್ಲ, ‘ಫ್ರೀಕ್ 1’ ಅಷ್ಟೇ. ಆ ಮೂವರು ನಾಯಕನ ಕೈಗೆ ಕೊನೆವರೆಗೂ ಸಿಗುವುದಿಲ್ಲ. ಗುಂಡು ತಿನ್ನುವವರು ಬೀದಿಯಲ್ಲಿ, ಸಬ್‌ವೇಯಲ್ಲಿ (ನೆಲದಡಿಯ ರೈಲಿನಲ್ಲಿ) ಎದುರಾದ ಬೇರೆಯವರು. ಅವರಲ್ಲಿ ಕಪ್ಪುವರ್ಣೀಯರೂ ಇದ್ದಾರೆ. ‘ಅಪರಾಧಿಗಳು’ ಎಂದು ಒಂದೇ ಕಲಂನಲ್ಲಿ ತುಂಬಿದರೆ ಈ ಅದಲುಬದಲು ಮುಚ್ಚಿಹೋಗುತ್ತದೆ. ಹಾಗಾಗಿ ಮಾಡಿದವರು ಬೇರೆ, ತೆತ್ತವರು ಬೇರೆ ಎಂದು ಎರಡು ಪಟ್ಟಿ ಇಡಿ. ತೆತ್ತವರು ಯಾರು ಎಂಬ ಪ್ರಶ್ನೆ ಚಿತ್ರದೊಳಗೇ ಏಳುತ್ತದೆ: ಪಾರ್ಟಿಯಲ್ಲಿ ಒಬ್ಬರು ಇವನು ಕೊಲ್ಲುವುದು ಹೆಚ್ಚಾಗಿ ಕಪ್ಪುವರ್ಣೀಯರನ್ನೇ ಅಲ್ಲವೇ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ವ್ಯಂಗ್ಯದಲ್ಲಿ ತೇಲಿಸಿಬಿಡುತ್ತಾರೆ. ಉತ್ತರ ಕೊಟ್ಟಂತೆ ನಟಿಸಿ ಜಾರಿಕೊಳ್ಳುವ ದೃಶ್ಯವದು.

1980ರ ‘ದಿ ಎಕ್ಸ್‌ಟರ್ಮಿನೇಟರ್’ನಲ್ಲಿ ಸ್ಟೀವ್ ಜೇಮ್ಸ್ ಮಾಡಿದ ಕಪ್ಪುವರ್ಣೀಯ ಗೆಳೆಯನಿಗೆ ಹೆಸರೂ ಇದೆ, ಮಾತೂ ಇದೆ, ಅಳುವವನೂ ಇದ್ದಾನೆ. ಮೇಲ್ನೋಟಕ್ಕೆ ಒಳ್ಳೆಯ ಪಾತ್ರವೇ. ಆದರೆ ಪುಂಡರ ಹೊಡೆತಕ್ಕೆ ಅವನು ಬೇಗನೆ ಹಾಸಿಗೆ ಹಿಡಿಯುತ್ತಾನೆ. ಅಲ್ಲಿಂದ ಮುಂದೆ ಅವನು ಬಿಳಿಯ ನಾಯಕನ ಸೇಡಿಗೆ ನೆಪ ಮಾತ್ರ. ಸೇಡು ತೀರಿಸುವವರು ಯಾರು, ಯಾರ ನೋವು ಅದಕ್ಕೆ ಬಂಡವಾಳ ಎಂಬುದನ್ನೂ ಬರೆದುಕೊಳ್ಳಿ.

ಹೋಲಿಕೆಗೆ ‘ಕಾಫಿ’ (Coffy, 1973) ಬೇಕೇಬೇಕು. ಪ್ಯಾಮ್ ಗ್ರಿಯರ್ ಮಾಡಿದ ಕಪ್ಪುವರ್ಣೀಯ ನರ್ಸ್, ತನ್ನ ತಂಗಿಯನ್ನು ಮಾದಕವಸ್ತುವಿಗೆ ತಳ್ಳಿದವರನ್ನು ಹುಡುಕಿ ಹೊರಡುತ್ತಾಳೆ. ನೋವೂ ಅವಳದೇ, ಬಂದೂಕೂ ಅವಳದೇ. ಕ್ಯಾಮೆರಾ ಅವಳ ಮೈಮೇಲೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತದೆ ಎನ್ನುವುದು ಬೇರೆ ಲೆಕ್ಕ. ಅದಕ್ಕೊಂದು ಕಲಂ ಬೇಕು ಎಂದು ವಾದಿಸುವವರ ಪರ ನಾನು. ‘ಮಿಸ್. 45’ (1981) ಬಂದಾಗ ಮಾತಿನ ಕಲಂ ಕೆಲಸಕ್ಕೆ ಬಾರದು: ನಾಯಕಿ ಮೂಗಿ. ಅಲ್ಲಿ ಮಾತಿನ ಬದಲು ಅವಳ ಮುಖದ ಕ್ಲೋಸಪ್ ಎಣಿಸಿ.

ಎಡವುವುದು ಹೆಚ್ಚಾಗಿ ನಟರ ವಿಷಯದಲ್ಲಿ. ‘ಡೆತ್ ವಿಶ್ 3’ರಲ್ಲಿ (1985) ಲ್ಯಾಟಿನ್ ಅಮೆರಿಕನ್ ಮೂಲದ ಮರಿಯಾ ರೊಡ್ರಿಗೆಸ್ ಪಾತ್ರ ಮಾಡಿದವರು ಗ್ರೀಕ್ ಮೂಲದ ಬ್ರಿಟಿಷ್ ನಟಿ ಮರೀನಾ ಸರ್ಟಿಸ್. ಪಾತ್ರ ಯಾರದು, ನಟಿಸಿದವರು ಯಾರು, ಎರಡನ್ನೂ ಬೇರೆಬೇರೆ ಬರೆಯದಿದ್ದರೆ ಲೆಕ್ಕ ಉಬ್ಬುತ್ತದೆ. ಅದೇ ಚಿತ್ರದ ಪುಂಡರ ಗುಂಪಿನಲ್ಲಿ ಎಲ್ಲ ಬಣ್ಣದವರನ್ನೂ ಬೆರೆಸಿ, ಮುಖಂಡನನ್ನು ಬಿಳಿಯನಾಗಿಸಿದ್ದಾರೆ. ಆಕ್ಷೇಪ ಬಾರದಂತೆ ಇದೊಂದು ಸುಲಭದ ಗುರಾಣಿ ಎಂದೇ ನನಗನ್ನಿಸುತ್ತದೆ. ಗುಂಪಿನ ದೃಶ್ಯದಲ್ಲಿ ಮುಖ ಸ್ಪಷ್ಟವಿಲ್ಲದವರ ಜನಾಂಗವನ್ನು ಊಹಿಸಬೇಡಿ, ಖಾಲಿ ಬಿಡಿ. ಟಿವಿಗೆಂದು ಕತ್ತರಿಸಿದ ಪ್ರತಿಯಲ್ಲಿ ಹಿಂಸೆಯ ಜೊತೆ ಸಣ್ಣ ಪಾತ್ರಗಳೂ ಮಾಯವಾಗಿರಬಹುದು, ಆದ್ದರಿಂದ ನೋಡಿದ ಪ್ರತಿಯ ಅವಧಿಯನ್ನು ಹಾಳೆಯ ತಲೆಯಲ್ಲೇ ಬರೆದಿಡಿ.