ವೆಬ್ ಫಾರ್ಮಿಗೆ ಮ್ಯಾಪ್ ಕೂರಿಸುವಾಗ

ಮೊದಲ ಸಲ ನಾನು ಬಳಕೆದಾರರು ಮ್ಯಾಪಿನಲ್ಲಿ ಆರಿಸಿದ ಜಾಗದ ಅಕ್ಷಾಂಶ, ರೇಖಾಂಶ ಎರಡನ್ನೂ ನಡುವೆ ಕಾಮಾ ಹಾಕಿ ಡೇಟಾಬೇಸಿನ ಒಂದೇ ಟೆಕ್ಸ್ಟ್ ಕಾಲಮ್ಮಿಗೆ ತುರುಕಿದ್ದೆ. ಆಮೇಲೆ 'ಹತ್ತಿರದ್ದು ತೋರಿಸು' ಅಂದಾಗ ಕಣ್ಣಲ್ಲಿ ನೀರು ಬಂತು. ಎರಡು ಡೆಸಿಮಲ್ ಕಾಲಮ್ ಮಾಡಿ. ಒಟ್ಟು 9 ಅಂಕಿ, ಅದರಲ್ಲಿ ಬಿಂದುವಿನ ನಂತರ 6. ಆರನೇ ಸ್ಥಾನ ಅಂದರೆ ಸುಮಾರು 11 ಸೆಂಟಿಮೀಟರ್, ಯಾವ ಫಾರ್ಮಿಗೂ ಧಾರಾಳ.

ಫಾರ್ಮಿನಲ್ಲಿ ಎರಡು ಹಿಡನ್ (ಕಣ್ಣಿಗೆ ಕಾಣದ) ಇನ್‌ಪುಟ್, ಮೇಲೊಂದು ಲೀಫ್‌ಲೆಟ್ (ಪುಟದಲ್ಲಿ ಮ್ಯಾಪ್ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಮ್ಯಾಪ್, ಎಳೆಯಬಹುದಾದ ಪಿನ್. ಪಿನ್ ಬಿಟ್ಟ ಕೂಡಲೇ ಇನ್‌ಪುಟ್ ತುಂಬಬೇಕು. ಮ್ಯಾಪಿನ ಡಿವ್‌ಗೆ (ಪುಟದಲ್ಲಿ ಅದು ಕೂರುವ ಚೌಕಕ್ಕೆ) ಎತ್ತರ ಕೊಡದಿದ್ದರೆ ಏನೂ ಕಾಣಿಸದು. ಪುಟದೊಳಗಿನ ಮುಚ್ಚಿದ ಟ್ಯಾಬಿನಲ್ಲಿದ್ದರೆ ಅರ್ಧ ಬೂದು ಬಣ್ಣ. ಟ್ಯಾಬ್ ತೆರೆದ ಮೇಲೆ ಮ್ಯಾಪಿನ ಅಳತೆಯನ್ನು ಮತ್ತೆ ನೋಡಿಸುವ 'ಇನ್‌ವ್ಯಾಲಿಡೇಟ್‌ಸೈಜ್' ಕರೆಯಿರಿ. ಇದಕ್ಕೆ ನನ್ನದೊಂದು ಇಡೀ ಮಧ್ಯಾಹ್ನ ಹೋಗಿದೆ.

ಎಡವಿ ಬೀಳುವ ಇನ್ನೊಂದು ಹಳ್ಳ: ಲೀಫ್‌ಲೆಟ್ ಅಕ್ಷಾಂಶವನ್ನು ಮೊದಲು ಕೇಳುತ್ತದೆ, ಜಿಯೋಜೇಸನ್ (ಜಾಗಗಳ ಮಾಹಿತಿ ಬರೆದಿಡುವ ಫಾರ್ಮ್ಯಾಟ್) ರೇಖಾಂಶವನ್ನು. ಅದಲುಬದಲಾದರೆ ಪಿನ್ ಸಮುದ್ರದಲ್ಲಿ ಬಿದ್ದೀತು. ಅಕ್ಷಾಂಶ 90 ದಾಟಿದರೆ ಸರ್ವರ್‌ನಲ್ಲೇ ತಡೆಯಿರಿ, ಆದರೆ ಎಲ್ಲ ಅದಲುಬದಲೂ ಅದಕ್ಕೆ ಸಿಗುವುದಿಲ್ಲ.

'ನಾನಿರುವ ಜಾಗ' ಬಟನ್ ಎಚ್‌ಟಿಟಿಪಿಎಸ್ ಇಲ್ಲದೆ ಕೆಲಸ ಮಾಡದು (ಲೋಕಲ್‌ಹೋಸ್ಟ್‌ಗೆ ವಿನಾಯಿತಿ). ಬಳಕೆದಾರರು ಅನುಮತಿ ಕೊಡದಿದ್ದರೂ ಪಿನ್ ಕೈಯಲ್ಲಿ ಇಡುವಂತಿರಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲ್ಸ್ (ಮ್ಯಾಪ್ ಜೋಡಿಸುವ ಚಿತ್ರದ ತುಂಡುಗಳು) ಬಳಸಿದರೆ ಮೂಲೆಯಲ್ಲಿ ಅವರ ಹೆಸರು ಕಾಣಲೇಬೇಕು.