ಮಕ್ಕಳೇ ನಡೆಸುವ ವಚನದ ಚರ್ಚೆ: ನಾನು ಅನುಸರಿಸುವ ಕ್ರಮ

ಒಂಬತ್ತನೇ ತರಗತಿಯ ಮಕ್ಕಳಿಗೆ ಚರ್ಚೆ ನಡೆಸುವುದನ್ನು ಕಲಿಸಲು ನಾನು ಮೊದಲು ಎತ್ತಿಕೊಳ್ಳುವುದು ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನ. ಬೋರ್ಡಿನ ಮೇಲೆ ಇಡಿಯಾಗಿ ಹಿಡಿಸುತ್ತದೆ. ಬೆಟ್ಟದ ಮನೆ ಎಂದರೇನೆಂದು ಮಲೆನಾಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ದಿನವೇ ಬರೆಸಿ ಸಾಲುಗಳಿಗೆ ನಂಬರ್ ಹಾಕಿಸುತ್ತೇನೆ. ಇಲ್ಲದಿದ್ದರೆ ‘ಅಲ್ಲಿ ಹೇಳಿದ್ದಾರಲ್ಲ, ಅದು’ ಎನ್ನುವುದರಲ್ಲೇ ಹೊತ್ತು ಹೋಗುತ್ತದೆ.

ಪದಗಳ ಅರ್ಥವನ್ನು ಮೊದಲೇ ಕೊಟ್ಟುಬಿಡಬೇಕು. ತಡಿ ಎಂದರೆ ದಡ, ತೆರೆ ಎಂದರೆ ಅಲೆ. ಮರೆಯಬಾರದ್ದು, ಸ್ತುತಿ-ನಿಂದೆಗಳು ಬಂದರೆ ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು ಎಂಬ ಕೊನೆಯ ಮಾತಿನ ‘ಕೋಪವ ತಾಳದೆ’. ಇವತ್ತಿನ ಕಿವಿಗೆ ಅದು ‘ಕೋಪ ತಡೆಯಲಾರದೆ’ ಎಂದು ಕೇಳುತ್ತದೆ. ವಚನದಲ್ಲಿ ‘ಕೋಪ ಮಾಡಿಕೊಳ್ಳದೆ’ ಎಂದರ್ಥ. ಅರ್ಥವೇ ತಿರುಗಾಮುರುಗಾ ಆದರೆ ಮುಂದಿನ ಮಾತೆಲ್ಲ ದಂಡ. ಅಕ್ಕನ ಬದುಕಿನ ಕಥೆಯನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತೇನೆ. ಅಕ್ಕ ಹುಟ್ಟಿದ ಊರು ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇರುವುದರಿಂದ ಮೊದಲೇ ಹೇಳುವ ಆಸೆಯಾಗುತ್ತದೆ. ಹೇಳಿದರೆ ಯಾವ ಪ್ರಶ್ನೆಗೂ ‘ಅವರಿಗೆ ವೈರಾಗ್ಯ ಬಂದಿತ್ತು’ ಎಂಬ ಒಂದೇ ಉತ್ತರ. ಸಾಲನ್ನು ಯಾರೂ ನೋಡುವುದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ಮೊದಲ ಪ್ರಶ್ನೆಗೆ. ‘ಈ ವಚನದ ಸಂದೇಶವೇನು?’ ಎಂದರೆ ಗೈಡಿನ ವಾಕ್ಯ ಬರುತ್ತದೆ. ‘ನಿಮಗೆ ಕೋಪ ಬಂದರೆ ಏನು ಮಾಡುತ್ತೀರಿ?’ ಎಂದರೆ ವಚನ ಓದದವರೂ ಮಾತಾಡಬಹುದು. ಸಾಲು ನೋಡದೆ ಉತ್ತರಿಸಲಾಗದ, ನೋಡಿದರೂ ಇಬ್ಬರಿಗೆ ಎರಡು ಬಗೆಯಾಗಿ ಕಾಣುವ ಪ್ರಶ್ನೆ ಬೇಕು. ನಾನು ಕೊಡುವುದು ಇದು: ಬೆಟ್ಟದಲ್ಲಿ ಮೃಗಕ್ಕೆ ಅಂಜುವುದು, ಕಡಲ ತಡಿಯಲ್ಲಿ ತೆರೆಗೆ ಅಂಜುವುದು, ಸಂತೆಯಲ್ಲಿ ಮಾತ್ರ ಶಬ್ದಕ್ಕೆ ‘ನಾಚುವುದು’. ಪದ ಬದಲಾದದ್ದೇಕೆ? ಮೃಗ, ತೆರೆ ಮೈಗೆ ಅಪಾಯ, ಶಬ್ದ ಮಾನಕ್ಕೆ ತಾಗುತ್ತದೆ ಎಂದು ಒಬ್ಬರು ಹಿಡಿಯಬಹುದು. ಸ್ತುತಿ-ನಿಂದೆ ಎಂಬುದೂ ಜನರ ಶಬ್ದವೇ, ಹಾಗಾಗಿ ಕೊನೆಯ ಮಾತಿಗೆ ದಾರಿ ಸಂತೆಯ ಮನೆಯಿಂದಲೇ ಎಂದು ಇನ್ನೊಬ್ಬರು ಹೇಳಬಹುದು. ಇದರ ಜೊತೆಗೆ ಪ್ರತಿಯೊಬ್ಬರೂ ಮನೆಯಿಂದ ಎರಡು ಪ್ರಶ್ನೆ ಬರೆದು ತರಬೇಕು.

ಇಪ್ಪತ್ನಾಲ್ಕು ಮಕ್ಕಳಿದ್ದರೆ 12 ಜನ ಜಮಖಾನದ ಮೇಲೆ ದುಂಡಗೆ ಕೂರುತ್ತಾರೆ, ಉಳಿದ 12 ಜನ ಅವರ ಹಿಂದೆ. ಹೊರಗಿನವರು ಎದುರಿಗಿರುವ ಒಬ್ಬೊಬ್ಬರನ್ನು ಗಮನಿಸಿ ಬರೆದುಕೊಳ್ಳುತ್ತಾರೆ. ಒಬ್ಬರು ಮಾತ್ರ ಯಾರ ನಂತರ ಯಾರು ಮಾತಾಡಿದರೆಂದು ಹೆಸರುಗಳ ನಡುವೆ ಗೆರೆ ಎಳೆಯುತ್ತಾರೆ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಓದಿಗೆ 5, ಚರ್ಚೆಗೆ 12, ಹೊರಗಿನವರ ಸಲಹೆಗೆ 3, ಜಾಗ ಬದಲಿಸಿ ಮತ್ತೆ 12, ಕೊನೆಯಲ್ಲಿ ಬರೆಯಲು 6. ಉಳಿದ ಎರಡು ನಿಮಿಷ ಎದ್ದು ಕೂರುವುದಕ್ಕೇ ಬೇಕು. ಚರ್ಚೆ ನಡೆಸುವ ಹೊಣೆಯನ್ನು ಒಳ್ಳೆಯ ಮಾತುಗಾರರಿಗೆ ಕೊಡುವುದಿಲ್ಲ, ಚೆನ್ನಾಗಿ ಕೇಳಿಸಿಕೊಳ್ಳುವವರಿಗೆ ಕೊಡುತ್ತೇನೆ.

ಒಳಗೆ ಕೂತವರಿಗೆ ತಲಾ ಮೂರು ಗೋಟಡಿಕೆ (ಒಣಗಿದ ಇಡಿ ಅಡಿಕೆ). ಮಾತಾಡಿದಾಗ ಒಂದನ್ನು ನಡುವೆ ಇಡಬೇಕು, ಮುಗಿದವರು ಸುಮ್ಮನಿರಬೇಕು. ಇದರಲ್ಲಿ ಒಂದು ತೊಡಕಿದೆ: ‘ನಾನೂ ಅದನ್ನೇ ಹೇಳ್ತೀನಿ’ ಎಂದು ಐದು ನಿಮಿಷದಲ್ಲೇ ಮೂರನ್ನೂ ಮುಗಿಸಿಬಿಡುತ್ತಾರೆ. ಅದಕ್ಕೆ, ಇನ್ನೊಬ್ಬರನ್ನು ಪ್ರಶ್ನೆ ಕೇಳಿದರೆ ಅಡಿಕೆ ಇಡಬೇಕಿಲ್ಲ ಎಂಬ ನಿಯಮ ಸೇರಿಸಿದ್ದೇನೆ. ಮೂರನೇ ಚರ್ಚೆಯ ಹೊತ್ತಿಗೆ ಅಡಿಕೆಯನ್ನೇ ತೆಗೆದುಬಿಡಬಹುದು.

ಮೇಷ್ಟ್ರು ವೃತ್ತದ ಹೊರಗೆ, ತಲೆ ತಗ್ಗಿಸಿ ಕೂರಬೇಕು. ಮಕ್ಕಳು ಮಾತು ಮುಗಿಸಿದ ತಕ್ಷಣ ‘ಸರಿನಾ ಸಾರ್?’ ಎಂಬಂತೆ ನೋಡುತ್ತಾರೆ. ಒಂದು ಸಲ ‘ಹ್ಞಾಂ, ಸರಿ’ ಎಂದರೂ ಮುಂದಿನ ಮಾತೆಲ್ಲ ನಮ್ಮ ಕಡೆಗೇ ತಿರುಗುತ್ತದೆ. ಎಲ್ಲರೂ ಮೌನವಾದಾಗ ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತೇನೆ. ಅಷ್ಟರಲ್ಲಿ ಸಾಮಾನ್ಯವಾಗಿ ಯಾರಾದರೂ ಬಾಯಿ ಬಿಡುತ್ತಾರೆ.

ನಮ್ಮ ಕಡೆ ಈ ವಚನಕ್ಕೆ ಇನ್ನೊಂದು ಅಪಾಯ, ಮೃಗ ಎಂದ ಕೂಡಲೇ ತೋಟಕ್ಕೆ ಬಂದ ಮಂಗ, ಗದ್ದೆ ಹಾಳುಮಾಡಿದ ಕಾಡುಹಂದಿ ಶುರುವಾಗುವುದು. ತಡೆಯಬಾರದು. ಯಾರು ಬೇಕಾದರೂ ‘ಯಾವ ಸಾಲು?’ ಎಂದು ಕೇಳಬಹುದೆಂಬ ನಿಯಮ ಸಾಕು. ಆಗ ಕಾಡುಹಂದಿಯ ಕಥೆ ಒಳ್ಳೆಯ ಆಕ್ಷೇಪಣೆಯಾಗಿ ತಿರುಗುತ್ತದೆ: ಬೆಟ್ಟದಲ್ಲಿರುವವರು ಅಂಜದಿದ್ದರೆ ಬೆಳೆ ಉಳಿಯುತ್ತದೆಯೇ? ಅಂಜಿಕೆ ಬೇರೆ, ಎಚ್ಚರ ಬೇರೆಯೇ?

ಜುಲೈ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಇದ್ಯಾವುದೂ ನಡೆಯದು, ಪಕ್ಕದವರ ಮಾತೂ ಕೇಳಿಸುವುದಿಲ್ಲ. ಅಂಥ ದಿನ ಆರು ಜನಕ್ಕೊಂದು ಡ್ರಾಯಿಂಗ್ ಶೀಟ್, ನಡುವೆ ಪ್ರಶ್ನೆ. ಬಾಯಿ ಬಿಡದೆ ಬರೆಯುವುದು, ಇನ್ನೊಬ್ಬರು ಬರೆದದ್ದರಿಂದ ಗೆರೆ ಎಳೆದು ಉತ್ತರಿಸುವುದು. ವೃತ್ತದಲ್ಲಿ ಮೂರು ಅಡಿಕೆಯನ್ನೂ ಹಾಗೇ ಉಳಿಸಿಕೊಳ್ಳುವ ಮಕ್ಕಳ ಕೈಬರಹ ಆ ಶೀಟಿನಲ್ಲಿ ಹೆಚ್ಚು ಕಾಣುತ್ತದೆ. ಮುಂದಿನ ಚರ್ಚೆಯ ಮೊದಲ ಪ್ರಶ್ನೆಯನ್ನು ನಾನು ಆರಿಸುವುದು ಅಲ್ಲಿಂದಲೇ.