ಹೊಲಿಗೆ ಮೆಷಿನ್ ಕೆಟ್ಟರೆ ಏನು ಮಾಡುವುದು? ಕಾಸರಗೋಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮನೆ ಬದಲಾಯಿಸಿ ಕಾಸರಗೋಡಿಗೆ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಶಾಲೆ, ಗ್ಯಾಸ್, ಡಾಕ್ಟರ್ ಇಷ್ಟನ್ನೇ. ಸ್ವಲ್ಪ ಸಮಯ ಕಳೆದ ಮೇಲೆ ಹೊಲಿಗೆ ಮೆಷಿನಿನ ಮಾತು ಬರುತ್ತದೆ. ಲಾರಿಯಲ್ಲಿ ಪೆಟ್ಟಾಗಿದೆ, ಇಲ್ಲಿನ ಮಳೆಗೆ ಜಾಮ್ ಆಗಿದೆ, ಅಥವಾ ವಿದೇಶದಿಂದ ತಂದದ್ದು ಪ್ಲಗ್ಗಿಗೆ ಹಾಕಿದ ಕೂಡಲೇ ಹೊಗೆ ಬಿಟ್ಟಿದೆ. ನಾವು ಇದನ್ನು ಸಣ್ಣ ವಿಷಯವೆಂದು ಬದಿಗಿಡುವುದಿಲ್ಲ. ಗುರುತಿಲ್ಲದ ಊರಿನಲ್ಲಿ ಪಕ್ಕದ ಮನೆಯವರು ರವಿಕೆ ಹೊಲಿಸಲು ಬಂದರೆ ಪರಿಚಯವೂ ಆಗುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ. ಮೆಷಿನ್ ನಿಂತರೆ ಎರಡೂ ನಿಲ್ಲುತ್ತವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ನಾವು ಒತ್ತಿ ಹೇಳುವುದು ಒಂದೇ: ಮೊದಲು ರಿಪೇರಿಯವರನ್ನು ಹುಡುಕಿ, ಆಮೇಲೆ ಮೆಷಿನನ್ನು ಹುಡುಕಿ. ನಿಮ್ಮ ಮನೆಗೆ ಹತ್ತಿರದಲ್ಲಿ ಯಾವ ಮೆಷಿನನ್ನು ಬಿಚ್ಚಿ ಸರಿಮಾಡುವವರು ಇದ್ದಾರೋ, ಯಾವುದರ ಬಿಡಿಭಾಗ ಸಿಗುತ್ತದೋ ಅದೇ ನಿಮಗೆ ಒಳ್ಳೆಯ ಮೆಷಿನ್. ಕಂಪನಿಯ ಹೆಸರು ಆಮೇಲಿನ ಮಾತು.

ನಿಜವಾಗಿ ಕೆಟ್ಟಿದೆಯೇ?

ಕೆಟ್ಟುಹೋಯಿತೆಂದು ತೋರಿಸಲು ತರುವ ಎಷ್ಟೋ ಮೆಷಿನುಗಳು ಕೆಟ್ಟಿರುವುದೇ ಇಲ್ಲ. ಚಕ್ರ ತಿರುಗುತ್ತದೆ, ಸೂಜಿ ಅಲುಗಾಡುವುದಿಲ್ಲ ಎಂದಾದರೆ ಚಕ್ರದ ನಡುವಿನ ದುಂಡು ಸ್ಕ್ರೂ ನೋಡಿ. ಬಾಬಿನ್ (ಕೆಳಗಿನ ನೂಲಿನ ಸಣ್ಣ ಉರುಳೆ) ಸುತ್ತುವಾಗ ಸಡಿಲ ಮಾಡಿದ್ದನ್ನು ಮತ್ತೆ ಬಿಗಿ ಮಾಡಲು ಮರೆತಿರಬಹುದು. ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿದ್ದರೆ ಮೊದಲು ಸೂಜಿ ಬದಲಿಸಿ. ಸೂಜಿಯ ಉದ್ದನೆಯ ಗೀರು ನೂಲು ಒಳಬರುವ ಬದಿಗೆ ಇರಬೇಕು, ಸೂಜಿ ಪೂರ್ತಿ ಮೇಲಕ್ಕೆ ಹೋಗಿ ಕೂತಿರಬೇಕು. ಮನೆ ಮೆಷಿನಿನ ಸೂಜಿಗೆ ಮೇಲಿನ ದಪ್ಪ ತುದಿಯಲ್ಲಿ ಒಂದು ಬದಿ ಚಪ್ಪಟೆ. ಟೈಲರ್ ಅಂಗಡಿಯ ದೊಡ್ಡ ಮೆಷಿನಿನ ಸೂಜಿಗೆ ಅದು ಪೂರ್ತಿ ದುಂಡು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಹೊಲಿಗೆ ಬೀಳುವುದಿಲ್ಲ. ಸಾಮಾನ್ಯ ಹತ್ತಿ ಬಟ್ಟೆಗೆ 14 ನಂಬರ್ ಸಾಕು, ತೆಳು ಸೀರೆಗೆ ಫಾಲ್ ಹಚ್ಚಲು 11, ಜೀನ್ಸಿಗೆ 16 ಅಥವಾ 18.

ಚಕ್ರವೇ ತಿರುಗದೆ ಬಿಗಿದುಕೊಂಡಿದ್ದರೆ ಜೋರಾಗಿ ತುಳಿಯಬೇಡಿ. ಕೆಳಗೆ ಶಟಲ್ (ಬಾಬಿನ್ ಕೂರುವಲ್ಲಿನ ಕೊಕ್ಕೆಯಂಥ ಭಾಗ) ಬಿಚ್ಚಿ ನೋಡಿ, ನೂಲಿನ ತುಂಡು ಸುತ್ತಿಕೊಂಡಿರುತ್ತದೆ. ಅದೂ ಇಲ್ಲದಿದ್ದರೆ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಇದು ನಮ್ಮ ಕರಾವಳಿಯ ವಿಶೇಷ ತೊಂದರೆ. ಮನೆಯಲ್ಲಿ ತೆಂಗಿನೆಣ್ಣೆ ಧಾರಾಳ ಇರುವುದರಿಂದ ಮೆಷಿನಿಗೂ ಅದನ್ನೇ ಬಿಡುತ್ತಾರೆ. ತಲೆಗೂ ಅಡುಗೆಗೂ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಆದರೆ ಕಬ್ಬಿಣದ ಸಂದಿನಲ್ಲಿ ಅದು ಕ್ರಮೇಣ ಅಂಟಾಗಿ ಗಟ್ಟಿಯಾಗುತ್ತದೆ. ತುಳಿಯುವ ಮೆಷಿನ್ ಆದರೆ ಎಣ್ಣೆ ಬಿಡುವ ತೂತುಗಳಿಗೆ ಸೀಮೆಎಣ್ಣೆ ಹನಿಸಿ, ಒಂದು ರಾತ್ರಿ ಬಿಟ್ಟು, ಚಕ್ರವನ್ನು ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಿಡಿಸಿಕೊಂಡ ಮೇಲೆ ಹಳೆ ಬಟ್ಟೆಯಲ್ಲಿ ಒರೆಸಿ ಮೆಷಿನ್ ಎಣ್ಣೆ ಹಾಕಿ. ಕರೆಂಟಿನ ಮೆಷಿನಿಗೆ ಸೀಮೆಎಣ್ಣೆ ಮುಟ್ಟಿಸಬೇಡಿ, ರಿಪೇರಿಯವರಿಗೇ ಕೊಡಿ.

ಸೂಜಿ ಸರಿ ಇದೆ, ನೂಲು ಸರಿ ಇದೆ, ಆದರೂ ಕೆಳಗಿನ ನೂಲನ್ನು ಎತ್ತುತ್ತಿಲ್ಲ ಎಂದರೆ ಟೈಮಿಂಗ್ ತಪ್ಪಿದೆ. ಸೂಜಿ ಪೂರ್ತಿ ಕೆಳಗಿಳಿದು ಸುಮಾರು 2 ಮಿಲಿಮೀಟರ್ ಮೇಲಕ್ಕೆ ಏಳುವಾಗ ಶಟಲಿನ ಮೂತಿ ಸೂಜಿಯ ಹಿಂದಿನಿಂದ ಬಂದು ನೂಲಿನ ಕುಣಿಕೆಯನ್ನು ಹಿಡಿಯಬೇಕು. ಲಾರಿಯಲ್ಲಿ ಮೆಷಿನ್ ಮಗುಚಿದರೆ ಈ ಲೆಕ್ಕ ತಪ್ಪುವುದುಂಟು. ಗೊತ್ತಿದ್ದವರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ, ಇದಕ್ಕಾಗಿ ಹೊಸ ಮೆಷಿನ್ ತೆಗೆದುಕೊಳ್ಳಬೇಕಾಗಿಲ್ಲ.

ಹಾಗಾದರೆ ಬದಲಾಯಿಸುವುದು ಯಾವಾಗ? ಎರಕದ ಮೈ ಬಿರುಕು ಬಿಟ್ಟಾಗ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಸರಿಯಾಗಿ ನಿಲ್ಲುವುದು ಕಡಿಮೆ. ಸೂಜಿ ಹಿಡಿದ ದಂಡ ಅಡ್ಡಡ್ಡ ಅಲುಗಾಡುತ್ತಿದ್ದರೆ, ಅದರ ಬುಶ್ (ದಂಡ ಜಾರುವ ಕೊಳವೆ) ಬದಲಿಸಿದ ಮೇಲೂ ಅಲುಗಾಟ ಹೋಗದಿದ್ದರೆ, ಆಗಲೂ. ಕರೆಂಟಿನ ಸಣ್ಣ ಮೆಷಿನಿನಲ್ಲಿ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದು, ಆ ಮಾಡೆಲಿನ ಗೇರ್ ಎಲ್ಲೂ ಸಿಗದಿದ್ದರೆ, ಆಗಲೂ.

ಬದಲಾಯಿಸುವುದಾದರೆ

ತುಳಿಯುವ ಮೆಷಿನಿನವರು ಪೂರ್ತಿ ಸೆಟ್ ಕೊಳ್ಳಬೇಕೆಂದಿಲ್ಲ. ಸ್ಟ್ಯಾಂಡ್, ಹಲಗೆ, ಪೆಡಲ್ ಗಟ್ಟಿಯಾಗಿದ್ದರೆ ತಲೆ, ಅಂದರೆ ಹಲಗೆಯ ಮೇಲೆ ಕೂರುವ ಮೆಷಿನ್, ಮಾತ್ರ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವ ಕರಿ ಮೆಷಿನುಗಳ ತಲೆ ಬಹುಮಟ್ಟಿಗೆ ಒಂದೇ ಅಳತೆಯದ್ದು, ಹಳೆಯ ಹಲಗೆಯ ತೂತಿಗೆ ಕೂರುತ್ತದೆ. ಹಾಗಿದ್ದರೂ ಅಳತೆ ಬರೆದುಕೊಂಡು ಹೋಗಿ. ಹಳೆಯ ಎರಕದ ಸ್ಟ್ಯಾಂಡನ್ನು ಎಕ್ಸ್‌ಚೇಂಜ್ ಎಂದು ಗುಜರಿ ತೂಕಕ್ಕೆ ಕೊಟ್ಟುಬಿಡಬೇಡಿ. ಅಷ್ಟು ಭಾರ, ಅಷ್ಟು ಸ್ಥಿರ ಈಗಿನ ತಗಡಿನ ಸ್ಟ್ಯಾಂಡಿಗೆ ಇಲ್ಲ. ಅದಕ್ಕೇ ಒಂದು ಮೋಟರ್ ಕೂರಿಸಿಕೊಂಡರೆ ಕರೆಂಟ್ ಇದ್ದಾಗ ಕರೆಂಟಿನಲ್ಲಿ, ಇಲ್ಲದಾಗ ಕಾಲಿನಲ್ಲಿ ಹೊಲಿಯಬಹುದು. ಜೂನ್, ಜುಲೈಯಲ್ಲಿ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ದಿನವಿಡೀ ಕರೆಂಟ್ ಇಲ್ಲದಾಗ ಇದರ ಬೆಲೆ ತಿಳಿಯುತ್ತದೆ. ಹೊಲಿಗೆಯಲ್ಲೇ ಸಂಪಾದನೆ ನೋಡುವವರಿಗೆ ನಾವು ಸೂಚಿಸುವುದು ಇದನ್ನೇ.

ಜಿಗ್‌ಜ್ಯಾಗ್, ಕಾಜಾ, ಪೀಕೊ ಎಲ್ಲ ಒಂದರಲ್ಲೇ ಬೇಕು, ಬಾಡಿಗೆ ಮನೆಯಲ್ಲಿ ಜಾಗ ಕಡಿಮೆ ಎನ್ನುವವರಿಗೆ ಮೇಜಿನ ಮೇಲಿಡುವ ಕರೆಂಟಿನ ಮೆಷಿನ್ ಸರಿ. ಆನ್‌ಲೈನಿನಲ್ಲಿ ತರಿಸುವುದಾದರೆ ನಿಮ್ಮ ಪಿನ್‌ಕೋಡಿಗೆ ಕಂಪನಿಯ ಸರ್ವಿಸ್ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ನಗರದಲ್ಲಿ ಇದ್ದರೂ ಪೆರ್ಲ, ಮುಳ್ಳೇರಿಯಾದ ಒಳಊರುಗಳಿಗೆ ಬರುತ್ತಾರೆಂದು ಲೆಕ್ಕ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಬಟ್ಟೆ, ನಿಮ್ಮದೇ ನೂಲು ಒಯ್ಯಿರಿ. ಎರಡು ಪದರ ತೆಳು ಹತ್ತಿ, ನಾಲ್ಕು ಪದರ ಜೀನ್ಸ್, ಎರಡನ್ನೂ ಹೊಲಿದು ನೋಡಿ. ಮೇಲಿನ ಹೊಲಿಗೆ ಎಲ್ಲರೂ ನೋಡುತ್ತಾರೆ, ನೀವು ಬಟ್ಟೆ ಮಗುಚಿ ಕೆಳಗಿನದ್ದು ನೋಡಿ. ಮೈಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿ. ಹೊಸ ಪೇಂಟ್ ಬಳಿದದ್ದಾದರೆ ಇನ್ನೂ ಜಾಗ್ರತೆ.

ಎಲ್ಲಿಗೆ ಹೋಗುವುದು? ಕಾಸರಗೋಡು ಪೇಟೆ, ಉಪ್ಪಳ, ಕುಂಬಳೆ, ಬದಿಯಡ್ಕದಲ್ಲಿ ವಿಚಾರಿಸಿ. ಅಂಗಡಿಗಿಂತ ಮೊದಲು ಅಲ್ಲಿನ ಟೈಲರುಗಳನ್ನು ಕೇಳಿ: ‘ನಿಮ್ಮ ಮೆಷಿನಿಗೆ ಯಾರು ಬರುತ್ತಾರೆ?’ ಅವರು ಹೇಳುವ ಹೆಸರಿಗೆ ಯಾವ ಜಾಹೀರಾತೂ ಸಮ ಅಲ್ಲ. ಚಂದ್ರಗಿರಿ ಹೊಳೆಯ ಈಚೆ ಕನ್ನಡದಲ್ಲೇ ವ್ಯವಹಾರ ಮುಗಿಯುತ್ತದೆ. ಹೊಳೆ ದಾಟಿ ಕಾಞಂಗಾಡಿನ ಕಡೆಗೆ ಹೋದರೆ ಮಲಯಾಳ ಬರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಸಂಘಕ್ಕೆ ತಿಳಿಸಿದರೆ ನಾವೇ ಬರುತ್ತೇವೆ. ಆಯ್ಕೆ ಹೆಚ್ಚು ಬೇಕೆಂದರೆ ಮಂಗಳೂರು, ರೈಲಿನಲ್ಲಿ 50 ಕಿಲೋಮೀಟರಿನ ಒಳಗೆ. ಕರಿ ಮೆಷಿನಿನ ತಲೆ 10ರಿಂದ 12 ಕಿಲೋ ತೂಗುತ್ತದೆ, ಒಬ್ಬರೇ ಹೋಗಬೇಡಿ. ಬಿಲ್ ಕೇಳಿ ಪಡೆಯಿರಿ. ವಾರಂಟಿಯ ಕೆಲಸ ಕಾಸರಗೋಡಿನಲ್ಲೇ ಆಗುತ್ತದೆಯೋ, ಮಂಗಳೂರಿಗೇ ಹೊತ್ತು ತರಬೇಕೋ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ವಿದೇಶದಿಂದ ತಂದ ಮೆಷಿನ್

ಹೊರದೇಶದಲ್ಲಿದ್ದು ಮರಳಿದ ಮನೆಗಳು ಈ ಜಿಲ್ಲೆಯಲ್ಲಿ ಬಹಳ. ಪ್ಲಗ್ಗಿಗೆ ಹಾಕುವ ಮೊದಲು ಮೆಷಿನಿನ ಮೈಮೇಲೆ ಅಂಟಿಸಿದ ಪಟ್ಟಿ ಓದಿ. ನಮ್ಮ ಕರೆಂಟ್ 230 ವೋಲ್ಟ್. ದುಬೈ, ಅಬುಧಾಬಿಯಿಂದ ತಂದದ್ದು ಸಾಮಾನ್ಯವಾಗಿ ಇಲ್ಲಿಗೆ ಹೊಂದುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ಸೌದಿಯ ಹಳೆಯ ಮನೆಗಳಲ್ಲಿ 127. ಅಲ್ಲಿಗಾಗಿ ಮಾಡಿದ್ದನ್ನು ನೇರ ಇಲ್ಲಿ ಹಾಕಿದರೆ ಮೋಟರ್ ಸುಡುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ, ಎಡವುವುದು ಹೆಚ್ಚಾಗಿ ಇಲ್ಲಿಯೇ. ಬೇಕಾದದ್ದು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಪಟ್ಟಿಯಲ್ಲಿ 100 ವ್ಯಾಟ್ ಎಂದಿದ್ದರೆ 200 ವ್ಯಾಟಿನದ್ದು ತೆಗೆದುಕೊಳ್ಳಿ.

ಮೋಟರ್ ಈಗಾಗಲೇ ಸುಟ್ಟಿದ್ದರೂ ಎದೆಗುಂದಬೇಡಿ. ಮೋಟರ್ ಹೊರಗೆ ಇರುವ ಹಳೆಯ ಮಾದರಿ ಆದರೆ ಇಲ್ಲಿನ 230 ವೋಲ್ಟಿನ ಮೋಟರನ್ನೂ ಪೆಡಲನ್ನೂ ಹಾಕಿಸಬಹುದು. ಒಳಗಿನ ದೀಪವನ್ನೂ ಜೊತೆಗೇ ಬದಲಿಸಲು ಹೇಳಿ. ಕಂಪ್ಯೂಟರಿನ ಪರದೆ ಇರುವ ಮೆಷಿನಿನ ಬೋರ್ಡ್ ಹೋದರೆ ಮಾತ್ರ ಕಷ್ಟ, ಅದಕ್ಕೆ ಮತ್ತೆ ಮತ್ತೆ ಹಣ ಸುರಿಯುವುದಕ್ಕಿಂತ ಬೇರೆ ಕೊಳ್ಳುವುದು ಲೇಸು.

ಹಣ ಸಾಲದಿದ್ದರೆ

ಹೊಲಿಗೆಯೇ ಕಸುಬಾಗಿರುವವರು 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಿ. ಅದರ ಪಟ್ಟಿಯಲ್ಲಿ ದರ್ಜಿಗಳೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿವರೆಗೆ ಇ-ವೋಚರ್, ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಆಮೇಲೆ ಶೇ. 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ, ಮನೆಯಲ್ಲಿ ಸರಕಾರಿ ನೌಕರರು ಇರಬಾರದು. ಮೊದಲ ಪರಿಶೀಲನೆ ಪಂಚಾಯತಿನಲ್ಲೇ ಆಗುವುದರಿಂದ ಆಧಾರಿನ ವಿಳಾಸವನ್ನು ಬೇಗ ಇಲ್ಲಿಗೆ ಬದಲಿಸಿಕೊಳ್ಳಿ. ನಿಮ್ಮ ವಾರ್ಡಿನ ಕುಟುಂಬಶ್ರೀ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ) ಗುಂಪಿಗೆ ಸೇರುವುದನ್ನೂ ಮುಂದಕ್ಕೆ ಹಾಕಬೇಡಿ. ಸಣ್ಣ ಸಾಲಕ್ಕಿಂತ ಹೆಚ್ಚಾಗಿ ಅಲ್ಲಿ ಅಕ್ಕಪಕ್ಕದ ಹೆಂಗಸರ ಬೆಂಬಲ ಸಿಗುತ್ತದೆ. ಅರ್ಜಿ ಮಲಯಾಳದಲ್ಲೇ ಆಗಬೇಕೆಂದು ಯಾರಾದರೂ ಹೇಳಿದರೆ ಹಿಂಜರಿಯಬೇಡಿ. ಇಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಬರೆದುಕೊಡಲು ನಾವಿದ್ದೇವೆ.

ಮಳೆಗಾಲಕ್ಕೆ ಮೊದಲು

ಬಯಲುಸೀಮೆಯಿಂದ ಬಂದವರಿಗೆ ಇಲ್ಲಿನ ತೇವದ ಅಂದಾಜು ಇರುವುದಿಲ್ಲ. ಹೊಸ ಮೆಷಿನಿನ ಶಟಲ್, ಬಾಬಿನ್ ಕೇಸ್ ಕೂಡ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಬಹುದು. ಹೊಲಿದು ಮುಗಿದ ಮೇಲೆ ಎಣ್ಣೆ ಒರೆಸಿದ ಬಟ್ಟೆ ಚೂರನ್ನು ಫುಟ್ಟಿನ (ಹೊಲಿಯುವಾಗ ಬಟ್ಟೆಯನ್ನು ಒತ್ತಿಹಿಡಿಯುವ ಪಾದ) ಕೆಳಗೆ ಇಟ್ಟು ಇಳಿಸಿ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಸೀರೆಯ ಎರಡು ಪದರ ಸಾಕು. ಹೊರಗೋಡೆಗೆ ತಾಗಿಸಿ ಇಡಬೇಡಿ. ಸಿಡಿಲಿನ ಸೂಚನೆ ಕಂಡರೆ ಪ್ಲಗ್ ತೆಗೆಯಿರಿ.

ಸರ್ವಿಸ್ ಮಾಡಿಸುವುದಿದ್ದರೆ ಏಪ್ರಿಲಿನಲ್ಲೇ ಮಾಡಿಸಿ. ಜೂನ್ ಮೊದಲಿಗೆ ಶಾಲೆ ತೆರೆಯುವುದರಿಂದ ಮೇ ತಿಂಗಳಿಡೀ ಟೈಲರುಗಳಿಗೆ ಯೂನಿಫಾರ್ಮಿನ ಗಡಿಬಿಡಿ, ರಿಪೇರಿಯವರು ಕೈಗೆ ಸಿಗುವುದಿಲ್ಲ.